ಆಟ ಮೊದಲೋ, ವ್ಯವಸ್ಥೆ ಮೊದಲೋ?

2025ರ ಅಕ್ಟೋಬರ್ 14ರಂದು ವಿಂಡೋಸ್ 10 ಎಂಬ ಕಾರ್ಯಾಚರಣಾ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಕಂಪನಿ ನೀಡುತ್ತಿದ್ದ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಆ ಕಾರಣಕ್ಕೆ ಅಂದು ಯಾವ ಕಂಪ್ಯೂಟರೂ ಕೆಟ್ಟು ನಿಲ್ಲಲಿಲ್ಲ. ಹಿಂದಿನ ರಾತ್ರಿ ಅರ್ಧಕ್ಕೆ ಬಿಟ್ಟ ಆಟ ಮರುದಿನ ಅಲ್ಲಿಂದಲೇ ಮುಂದುವರಿಯಿತು. ಆದರೂ ಆಟಕ್ಕೆಂದೇ ಹಣ ಕೂಡಿಸಿ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಿಡಿಭಾಗ ಆಯ್ದು ಕಂಪ್ಯೂಟರ್ ಜೋಡಿಸಿಕೊಂಡವರು ಒಂದು ಪ್ರಶ್ನೆಗೆ ಉತ್ತರ ಹುಡುಕಬೇಕಾಯಿತು: ವಿಂಡೋಸ್ 11ಕ್ಕೆ ಹೋಗಬೇಕೆ, ಇದ್ದಲ್ಲೇ ಇರಬೇಕೆ?

ಹೊಸದು ಬಂದಾಗ ಹಳೆಯದನ್ನು ಬಿಡುವುದು ಸಹಜವಲ್ಲವೆ ಎಂದು ಹೊರಗಿನವರು ಕೇಳಬಹುದು. ಆಟಗಾರನಿಗೆ ಅದು ಅಷ್ಟು ಸರಳವಲ್ಲ. ಪತ್ರ ಬರೆಯುವ, ಲೆಕ್ಕ ಇಡುವ ತಂತ್ರಾಂಶಕ್ಕೆ ಯಂತ್ರದ ಶಕ್ತಿಯಲ್ಲಿ ಸ್ವಲ್ಪ ಪಾಲು ಸಾಕು; ಆಟಕ್ಕೆ ಪೂರ್ತಿ ಬೇಕು. ಕಾರ್ಯಾಚರಣಾ ವ್ಯವಸ್ಥೆಯೆಂದರೆ ಯಂತ್ರದ ಪಾರುಪತ್ಯಗಾರ. ಸ್ಮೃತಿಕೋಶದಲ್ಲಿ ಯಾರಿಗೆಷ್ಟು ಜಾಗ, ಪರದೆಯ ಮೇಲೆ ಯಾರ ಚಿತ್ರ, ಧ್ವನಿ ಯಾರ ಪಾಲು ಎಂಬುದನ್ನೆಲ್ಲ ಹಂಚುವುದು ಅದರ ಕೆಲಸ. ಪಾರುಪತ್ಯಗಾರ ಬದಲಾದರೆ ಹಳೆಯ ಒಕ್ಕಲಿಗೆ ಇದ್ದ ಸಲಿಗೆ ಉಳಿಯುವುದೋ ಇಲ್ಲವೋ! ಈ ಆತಂಕಕ್ಕೆ ಮೂವತ್ತು ವರ್ಷಗಳ ಇತಿಹಾಸವಿದೆ. ಅದನ್ನು ತಿರುವಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಒಂದು ಕಾಲದಲ್ಲಿ ವ್ಯವಸ್ಥೆಯೇ ಆಟದ ಮುಂದೆ ಬಾಗಿತ್ತು, ಕ್ರಮೇಣ ಆಟಗಾರನೂ ಅವನ ಯಂತ್ರವೂ ವ್ಯವಸ್ಥೆಯ ಮುಂದೆ ಬಾಗಬೇಕಾಯಿತು.

ಆಟದ ಮನೆಗೆ ಕಿಟಕಿ

1981ರಲ್ಲಿ ಐಬಿಎಂ ಕಂಪನಿಯ ಪರ್ಸನಲ್ ಕಂಪ್ಯೂಟರ್ ಜೊತೆ ಬಂದ ಡಾಸ್ ಬಡಪಾಯಿ ಪಾರುಪತ್ಯಗಾರ. ಆಟಗಳು ಅದನ್ನು ಮಾತನಾಡಿಸದೆಯೇ ನೇರವಾಗಿ ಪರದೆಗೂ ಧ್ವನಿಫಲಕಕ್ಕೂ ಆಜ್ಞೆ ಕೊಡುತ್ತಿದ್ದವು. ವೇಗ ಬರುತ್ತಿದ್ದುದು ಅದರಿಂದಲೇ. ಆದರೆ ಡಾಸ್ ಕೈಗೆ ಸುಲಭವಾಗಿ ಸಿಗುತ್ತಿದ್ದ ಸ್ಮೃತಿ 640 ಕಿಲೋಬೈಟ್ ಮಾತ್ರ. ಅದರಲ್ಲೇ ಜಾಗ ಉಳಿಸಲು ಆಟಗಾರರು ಒಂದೊಂದು ಆಟಕ್ಕೆ ಒಂದೊಂದು ಫ್ಲಾಪಿ ಸಿದ್ಧಪಡಿಸಿ, ಅದರಿಂದಲೇ ಕಂಪ್ಯೂಟರನ್ನು ಚಾಲೂ ಮಾಡುತ್ತಿದ್ದುದುಂಟು. ಕಷ್ಟವಿತ್ತು, ಆದರೆ ಯಜಮಾನಿಕೆ ಆಟಗಾರನದೇ ಆಗಿತ್ತು.

1993ರ ಡಿಸೆಂಬರಿನಲ್ಲಿ ಇಡ್ ಸಾಫ್ಟ್‌ವೇರ್ ಕಂಪನಿಯ 'ಡೂಮ್' ಆಟ ಬಂತು. ಅದೂ ಡಾಸ್‌ನಲ್ಲೇ ಓಡುತ್ತಿತ್ತು. ಆಗ ಮೈಕ್ರೋಸಾಫ್ಟ್‌ನಲ್ಲಿದ್ದ ಗೇಬ್ ನ್ಯೂವೆಲ್, ಜನರ ಕಂಪ್ಯೂಟರುಗಳಲ್ಲಿ ವಿಂಡೋಸ್‌ಗಿಂತ ಹೆಚ್ಚಾಗಿ ಡೂಮ್ ಇರುವುದು ಸಮೀಕ್ಷೆಯೊಂದರಿಂದ ಕಂಡುಬಂದಿತ್ತೆಂದು ಮುಂದೆ ನೆನಪಿಸಿಕೊಂಡಿದ್ದಾರೆ. ಹೊಸ ವಿಂಡೋಸ್ ಮನೆಮನೆಗೆ ಹೋಗಬೇಕಾದರೆ ಆಟಗಳು ಡಾಸ್ ಬಿಟ್ಟು ಬರಬೇಕಿತ್ತು.

ಆಟ ಬರೆಯುವವರಿಗೆ ವಿಂಡೋಸ್ ಮೇಲೆ ನಂಬಿಕೆಯಿರಲಿಲ್ಲ. 1994ರ ಕ್ರಿಸ್‌ಮಸ್ ಹೊತ್ತಿಗೆ ಡಿಸ್ನಿ ಕಂಪನಿ ವಿಂಡೋಸ್‌ಗಾಗಿ ಹೊರತಂದ 'ಲಯನ್ ಕಿಂಗ್' ಮಕ್ಕಳ ಸಿ.ಡಿ., ಕೆಲವು ಕಾಂಪ್ಯಾಕ್ ಪ್ರೆಸಾರಿಯೊ ಯಂತ್ರಗಳಲ್ಲಿ ಓಡದೆ ಸ್ಥಗಿತಗೊಂಡಿತು. ಉಡುಗೊರೆ ಬಿಚ್ಚಿದ ಮಕ್ಕಳಿಗೆ ನಿರಾಸೆ, ತಂದೆತಾಯಿಯರಿಗೆ ಸಿಟ್ಟು. ವಿಂಡೋಸ್ 95 ಮಾರುಕಟ್ಟೆಗೆ ಬಂದದ್ದು 1995ರ ಆಗಸ್ಟ್ 24ರಂದು. ಅದರ ಬೆನ್ನಿಗೇ ಸೆಪ್ಟೆಂಬರಿನಲ್ಲಿ ಡೈರೆಕ್ಟ್‌ಎಕ್ಸ್ ಬಂತು. ಅಲೆಕ್ಸ್ ಸೇಂಟ್ ಜಾನ್, ಕ್ರೇಗ್ ಐಸ್ಲರ್ ಮತ್ತು ಎರಿಕ್ ಎಂಗ್‌ಸ್ಟ್ರಾಮ್ ಎಂಬ ಮೂವರ ಪ್ರಯತ್ನದ ಫಲವದು. ಪಾರುಪತ್ಯಗಾರನ ಕಣ್ಗಾವಲಿನಲ್ಲೇ ಇದ್ದು ಯಂತ್ರವನ್ನು ಬಹುಮಟ್ಟಿಗೆ ನೇರವಾಗಿ ಮುಟ್ಟಲು ಆಟಗಳಿಗೆ ಕೊಟ್ಟ ಹಿತ್ತಿಲ ಬಾಗಿಲೆಂದು ಅದನ್ನು ಕರೆಯಬಹುದು. ಡೂಮ್ ಆಟವನ್ನು ವಿಂಡೋಸ್‌ಗೆ ತರುವ ಕೆಲಸದ ಮುಂದಾಳತ್ವ ನ್ಯೂವೆಲ್ ಅವರದು.

ಆ ದಿನಗಳಲ್ಲಿ ಆಟಕ್ಕೆ ಸಿಗುತ್ತಿದ್ದ ಮರ್ಯಾದೆ ಎಂಥದೆಂಬುದಕ್ಕೆ 'ಸಿಮ್‌ಸಿಟಿ' ಪ್ರಸಂಗವೇ ಸಾಕ್ಷಿ. ನಗರ ಕಟ್ಟುವ ಈ ಆಟದಲ್ಲಿ ಒಂದು ದೋಷವಿತ್ತು. ತಾನೇ ಬಿಟ್ಟುಕೊಟ್ಟ ಸ್ಮೃತಿಯ ಜಾಗವನ್ನು ಅದು ಮತ್ತೆ ಓದುತ್ತಿತ್ತು. ಬಾಡಿಗೆ ಮನೆ ಖಾಲಿ ಮಾಡಿದವನು ಮರುದಿನ ಬಂದು ಹಳೆಯ ಗೂಟದಿಂದ ಅಂಗಿ ತೆಗೆದುಕೊಂಡಂತೆ! ಹಿಂದಿನ ವಿಂಡೋಸ್‌ನಲ್ಲಿ ಆ ಮನೆಗೆ ಬೇರೆಯವರು ಅಷ್ಟು ಬೇಗ ಬರುತ್ತಿರಲಿಲ್ಲವಾದ್ದರಿಂದ ತೊಂದರೆ ಆಗಿರಲಿಲ್ಲ. ವಿಂಡೋಸ್ 95ರ ಪರೀಕ್ಷೆಯ ವೇಳೆ ಆಟ ಕುಸಿದು ಬಿತ್ತು. ತಪ್ಪು ಆಟದ್ದು. ಆದರೆ ತಿದ್ದಿಕೊಂಡದ್ದು ವ್ಯವಸ್ಥೆ. ಸಿಮ್‌ಸಿಟಿ ಓಡುತ್ತಿದೆಯೇ ಎಂದು ನೋಡಿ, ಓಡುತ್ತಿದ್ದರೆ ಬಿಟ್ಟ ಜಾಗವನ್ನು ಕೂಡಲೇ ಬೇರೆಯವರಿಗೆ ಕೊಡದಂತೆ ವಿಂಡೋಸ್‌ನಲ್ಲೇ ಏರ್ಪಾಡು ಮಾಡಲಾಯಿತು. ಆಟ ಓಡದಿದ್ದರೆ ಜನ ಬೈಯುವುದು ಆಟವನ್ನಲ್ಲ, ಹೊಸ ವಿಂಡೋಸನ್ನು ಎಂಬ ಎಚ್ಚರ ಅದರ ಹಿಂದಿತ್ತು.

ಆಮಿಷ ಮತ್ತು ಬೇಲಿ

2001ರ ಅಕ್ಟೋಬರಿನಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಈ ಸಂಬಂಧ ಬದಲಾಗತೊಡಗಿತು. ಕಚೇರಿಗಳಿಗೆಂದು ಕಟ್ಟಿದ್ದ ಗಟ್ಟಿ ಅಡಿಪಾಯದ ಮೇಲೆ ನಿಂತ ಎಕ್ಸ್‌ಪಿ, ಯಂತ್ರವನ್ನು ನೇರವಾಗಿ ಮುಟ್ಟಲು ಆಟಗಳನ್ನು ಬಿಡಲಿಲ್ಲ. ಕಂಪ್ಯೂಟರ್ ಪದೇ ಪದೇ ಕುಸಿಯುವುದೇನೋ ತಪ್ಪಿತು. ಆದರೆ ಡಾಸ್ ಕಾಲದ ಎಷ್ಟೋ ಆಟಗಳು ಮೂಕವಾದವು, ಕೆಲವು ತೆರೆಯಲೇ ಇಲ್ಲ. ಅವುಗಳಿಗೆ ಮರುಜೀವ ಕೊಟ್ಟದ್ದು 2002ರಲ್ಲಿ ಸ್ವಯಂಸೇವಕರು ಹೊರತಂದ ಡಾಸ್‌ಬಾಕ್ಸ್. ಹಳೆಯ ಯಂತ್ರವನ್ನೇ ಅನುಕರಿಸುವ ತಂತ್ರಾಂಶವದು. ಹಳೆಯ ಆಟವನ್ನು ಕಾಪಾಡುವ ಹೊಣೆ ಹೀಗೆ ತಯಾರಕರಿಂದ ಅಭಿಮಾನಿಗಳ ಹೆಗಲಿಗೆ ಜಾರಿತು.

2007ರ ಜನವರಿಯಲ್ಲಿ ವಿಸ್ತಾ ಎಲ್ಲರಿಗೂ ದೊರೆಯುವಂತಾಯಿತು. ಆಟಗಾರರಿಗೆ ಅದು ಮೂಗಿಗಿಂತ ಮೂಗುತಿ ಭಾರ ಎನಿಸಿತು. ಆದರೆ ಡೈರೆಕ್ಟ್‌ಎಕ್ಸ್ 10 ಬೇಕಾದರೆ ವಿಸ್ತಾಕ್ಕೇ ಬರಬೇಕೆಂಬ ನಿಯಮವಾಯಿತು. ಅದೇ ಮೇ ತಿಂಗಳಲ್ಲಿ 'ಹೇಲೋ 2' ಆಟ ವಿಸ್ತಾಕ್ಕೆ ಮಾತ್ರ ಎಂದು ಬಂತು. ವಿಚಿತ್ರವೆಂದರೆ ಆ ಆಟ ಬಳಸಿದ್ದು ಎಕ್ಸ್‌ಪಿಯಲ್ಲೂ ಇದ್ದ ಡೈರೆಕ್ಟ್‌ಎಕ್ಸ್ 9 ಅನ್ನೇ! ಅದೇ ವರ್ಷದ ನವೆಂಬರಿನಲ್ಲಿ ಬಂದ 'ಕ್ರೈಸಿಸ್' ಆಟದ ಅತ್ಯುನ್ನತ ಚಿತ್ರಗುಣಮಟ್ಟ ಎಕ್ಸ್‌ಪಿಯವರಿಗೆ ಸಿಗದಂತಿತ್ತು. ಆಟಗಾರರು ಆಟದ ಕಡತಗಳಲ್ಲಿ ಕೆಲವು ಸಾಲು ತಿದ್ದಿ ಅದರಲ್ಲಿ ಬಹುಪಾಲನ್ನು ಎಕ್ಸ್‌ಪಿಯಲ್ಲೇ ಪಡೆದುಕೊಂಡರು. ಬೇಲಿ ಹಾಕಿದ್ದು ಯಂತ್ರದ ಮಿತಿಯಲ್ಲ, ವ್ಯಾಪಾರ ಎಂಬುದು ಬಯಲಾಯಿತು. ಅನೇಕರು ವಿಸ್ತಾವನ್ನು ಹಾಗೆಯೇ ದಾಟಿ 2009ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 7ಕ್ಕೆ ಹೋದರು. ತಾಳಿದವನು ಬಾಳಿಯಾನು ಎಂಬ ಮಾತು ಅಂದು ನಿಜವಾಯಿತು.

ಆದರೆ ಕಾಯುವುದಕ್ಕೂ ಒಂದು ಕೊನೆಯಿದೆ. ಅಂತರ್ಜಾಲದಲ್ಲಿ ಆಟ ಮಾರುವ ಸ್ಟೀಮ್ ಮಳಿಗೆ 2019ರ ಜನವರಿ 1ರಿಂದ ಎಕ್ಸ್‌ಪಿ ಮತ್ತು ವಿಸ್ತಾಗಳಿಗೂ, 2024ರ ಜನವರಿ 1ರಿಂದ ವಿಂಡೋಸ್ 7 ಮತ್ತು 8ಕ್ಕೂ ಬೆಂಬಲ ನಿಲ್ಲಿಸಿತು. ಆಟ ಬದಲಾಗಿರಲಿಲ್ಲ, ಯಂತ್ರವೂ ಬದಲಾಗಿರಲಿಲ್ಲ. ನಡುವಿನ ಅಂಗಡಿಯ ಬಾಗಿಲು ಮುಚ್ಚಿತು. ಬಡ್ತಿ ಪಡೆದವರಿಗೂ ನಷ್ಟ ತಪ್ಪಲಿಲ್ಲ. 2015ರಲ್ಲಿ ಬಂದ ವಿಂಡೋಸ್ 10, ಸೇಫ್‌ಡಿಸ್ಕ್ ಎಂಬ ನಕಲು ತಡೆಯುವ ಬೀಗವನ್ನು ಭದ್ರತೆಯ ಕಾರಣಕ್ಕೆ ಕೈಬಿಟ್ಟಿತು. ಕಾಸು ಕೊಟ್ಟು ಕೊಂಡ ಅಸಲಿ ಸಿ.ಡಿ.ಗಳೇ ಓಡದಾದವು, ಬೀಗ ಮುರಿದ ಕಳ್ಳ ಪ್ರತಿ ಮಾತ್ರ ಓಡುತ್ತಿತ್ತು!

ತಿರುಗಿದ ತಕ್ಕಡಿ

2021ರ ಅಕ್ಟೋಬರ್ 5ರಂದು ಬಂದ ವಿಂಡೋಸ್ 11, ಗುಪ್ತ ಕೀಲಿಗಳನ್ನು ಕಾಪಾಡುವ ಟಿಪಿಎಂ 2.0 ಎಂಬ ಭದ್ರತಾ ಅಂಗ ಯಂತ್ರದಲ್ಲಿ ಇರಲೇಬೇಕೆಂದಿತು. ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಳೆಯ ಸಂಸ್ಕಾರಕಗಳಲ್ಲಿ ಹೆಚ್ಚಿನವು ಪಟ್ಟಿಯಿಂದ ಹೊರಗುಳಿದವು. ಹೊಸ ಆಟಗಳನ್ನು ಚೆನ್ನಾಗಿಯೇ ಓಡಿಸುತ್ತಿದ್ದ ಯಂತ್ರಗಳೂ ಒಂದು ಪ್ರಕಟಣೆಯಿಂದ ಅನರ್ಹವಾದವು. ಒಂದು ಆಟಕ್ಕಾಗಿ ತನ್ನನ್ನೇ ತಿದ್ದಿಕೊಂಡಿದ್ದ ವ್ಯವಸ್ಥೆ, ತನಗಾಗಿ ಯಂತ್ರವನ್ನೇ ಬದಲಿಸಿ ಎನ್ನುವ ಹಂತಕ್ಕೆ ಬಂದಿತ್ತು. ಮೊದಲ ದಿನವೇ ನುಗ್ಗಿದವರಲ್ಲಿ ಎಎಂಡಿ ಸಂಸ್ಕಾರಕವಿದ್ದವರು ಕೆಲವು ಆಟಗಳ ವೇಗ ಕುಂದಿದ್ದನ್ನು ಕಂಡರು. ತಿದ್ದುಪಡಿ ಬಂದದ್ದು ಆ ತಿಂಗಳ ಕೊನೆಯ ಭಾಗದಲ್ಲಿ.

ಹಾಗೆಂದು ಇದನ್ನೆಲ್ಲ ಬರೀ ವ್ಯಾಪಾರವೆಂದು ತಳ್ಳಿಹಾಕಲಾಗದು. ಬೆಂಬಲವಿಲ್ಲದ ವ್ಯವಸ್ಥೆಯಲ್ಲಿ ಹೊಸದಾಗಿ ಪತ್ತೆಯಾದ ಬಿರುಕಿಗೆ ತೇಪೆ ಬೀಳುವುದಿಲ್ಲ. ಆಟದ ಖಾತೆ, ಬ್ಯಾಂಕಿನ ಗುಪ್ತಪದ ಎಲ್ಲ ಒಂದೇ ಯಂತ್ರದಲ್ಲಿದ್ದಾಗ ಅದು ಸಣ್ಣ ಅಪಾಯವಲ್ಲ. ಹಲವರು ಕೂಡಿ ಆಡುವ ಆಟಗಳಲ್ಲಿ ಮೋಸ ತಡೆಯಲೂ ಇಂಥ ಭದ್ರತೆಯ ಬಳಕೆಯಿದೆ. ವಿಂಡೋಸ್ 11ರಲ್ಲಿ ಆಡುವವರಿಗೆ ಟಿಪಿಎಂ ಬೇಕೆಂದು 'ವ್ಯಾಲರಂಟ್' 2021ರಲ್ಲೇ ಷರತ್ತು ಹಾಕಿತು. ಇತ್ತ ದರಿ, ಅತ್ತ ಪುಲಿ.

ಮೂರನೆಯ ದಾರಿಯೊಂದು ತೆರೆದದ್ದು ಈ ಕಥೆಯ ಸ್ವಾರಸ್ಯ. ಡೂಮ್ ಆಟವನ್ನು ವಿಂಡೋಸ್‌ಗೆ ತಂದ ನ್ಯೂವೆಲ್ 1996ರಲ್ಲಿ ಮೈಕ್ರೋಸಾಫ್ಟ್ ಬಿಟ್ಟು ವಾಲ್ವ್ ಕಂಪನಿ ಕಟ್ಟಿದರು. ಸ್ಟೀಮ್ ಮಳಿಗೆ ಅದರದೇ. 2012ರಲ್ಲಿ ವಿಂಡೋಸ್ 8 ಬರುವ ಮೊದಲು, ಅದು ಕಂಪ್ಯೂಟರ್ ಲೋಕಕ್ಕೆ ದೊಡ್ಡ ಅನಾಹುತವೆಂದು ಅವರು ಬಹಿರಂಗವಾಗಿ ಹೇಳಿದರು. ಮುಕ್ತ ತಂತ್ರಾಂಶವಾದ ಲಿನಕ್ಸ್ ನೆಚ್ಚಿ 2015ರಲ್ಲಿ ಹೊರಟ ಸ್ಟೀಮ್ ಮಷೀನ್‌ಗಳು ಆಗ ಮಾರಾಟವಾಗಲಿಲ್ಲ. ಜನರಿಗೆ ಬೇಕಾದ ಆಟಗಳು ಅದರಲ್ಲಿರಲಿಲ್ಲ. 2018ರಲ್ಲಿ ಬಂದ ಪ್ರೋಟಾನ್, ವಿಂಡೋಸ್ ಆಟಗಳನ್ನೇ ಲಿನಕ್ಸ್‌ನಲ್ಲಿ ಓಡಿಸತೊಡಗಿತು. 2022ರ ಫೆಬ್ರುವರಿಯಲ್ಲಿ ಹೊರಬಂದ ಸ್ಟೀಮ್ ಡೆಕ್ ಎಂಬ ಕೈಯಾಟದ ಯಂತ್ರ ಇದರಿಂದಲೇ ನಡೆಯುತ್ತದೆ. ಆದರೆ ಮೋಸ ತಡೆಯುವ ಬಿಗಿ ಏರ್ಪಾಡಿರುವ ವ್ಯಾಲರಂಟ್‌ನಂಥ ಆಟಗಳಿಗೆ ಅಲ್ಲಿ ಪ್ರವೇಶವಿಲ್ಲ.

ಹಾಗಾದರೆ ಬಡ್ತಿ ಪಡೆಯಬೇಕೆ, ಬೇಡವೆ? ಇತಿಹಾಸ ಹೇಳುವುದು ಇಷ್ಟು: ಬಿಡುಗಡೆಯ ದಿನವೇ ಓಡಬೇಕಾಗಿಲ್ಲ, ತೇಪೆ ನಿಂತ ಮೇಲೆ ಅಂತರ್ಜಾಲಕ್ಕೆ ಜೋಡಿಸಿದ ಯಂತ್ರದಲ್ಲಿ ಹಳೆಯದನ್ನೇ ಹಿಡಿದು ಕೂರಲೂಬಾರದು. ದಿನವೂ ಆಡುವ ಆಟ ಯಾವುದು, ಅದು ಯಾವ ವ್ಯವಸ್ಥೆಯನ್ನು ಕೇಳುತ್ತದೆ ಎಂಬುದನ್ನು ಮೊದಲು ನೋಡಬೇಕು. ಹೊಸದಕ್ಕೆ ಹೋಗುವವರು ಅದನ್ನು ಬೇರೊಂದು ಡಿಸ್ಕ್‌ನಲ್ಲಿ ಸ್ಥಾಪಿಸಿ, ಹಳೆಯದನ್ನು ಕೆಲಕಾಲ ಹಾಗೆಯೇ ಉಳಿಸಿಕೊಳ್ಳುವುದು ಜಾಣತನ.

ಬಡ್ತಿಯ ಲೆಕ್ಕದಲ್ಲಿ ಸೇರದೆ ಉಳಿಯುವುದು ಹಳೆಯ ಆಟಗಳು. ಪುಸ್ತಕ ಹಳತಾದರೂ ಓದಲು ಬೇರೆ ಕಣ್ಣು ಬೇಕಿಲ್ಲ. ಆಟ ಹಾಗಲ್ಲ, ತಾನು ಹುಟ್ಟಿದ ವ್ಯವಸ್ಥೆಯ ಜೊತೆಗೇ ಸಾಯುತ್ತದೆ. ವಿಂಡೋಸ್ 3.1ರ ಕಾಲದ 16 ಬಿಟ್ ಆಟಗಳು ವಿಂಡೋಸ್ 11ರಲ್ಲಿ ನೇರವಾಗಿ ತೆರೆಯುವುದೇ ಇಲ್ಲ. ಇಂದು ಅವು ಬದುಕಿರುವುದು ಹಳೆಯ ಯಂತ್ರವನ್ನು ಗುಜರಿಗೆ ಹಾಕದೆ ಇಟ್ಟುಕೊಂಡವರಿಂದ ಮತ್ತು ಡಾಸ್‌ಬಾಕ್ಸ್‌ನಂಥ ತಂತ್ರಾಂಶವನ್ನು ಸಂಬಳವಿಲ್ಲದೆ ಬರೆದವರಿಂದ. ಬಡ್ತಿಯ ಗುಂಡಿ ಒತ್ತುವ ಮುನ್ನ ಹಳೆಯ ಆಟಗಳ ಸಿ.ಡಿ. ಡಬ್ಬಿಯನ್ನು ಒಮ್ಮೆ ತೆರೆದು ನೋಡುವುದು ಒಳ್ಳೆಯದು.