ಎದೆಯೊಳಗಿನ ದಾರಿ: ಇಬ್ನುನ್ನಫೀಸ್ ಹೇಳಿದ್ದೇನು, ಹೇಳದ್ದೇನು?

ನಮ್ಮ ಕುಟುಂಬಗಳ ವಾಟ್ಸಾಪ್ ಗುಂಪುಗಳಲ್ಲಿ ವರ್ಷಕ್ಕೆ ಒಂದೆರಡು ಸಲವಾದರೂ ಸುತ್ತು ಹಾಕುವ ಸಂದೇಶ ಒಂದಿದೆ. ರಕ್ತ ಪರಿಚಲನೆಯನ್ನು ಕಂಡುಹಿಡಿದವರು ಇಂಗ್ಲೆಂಡಿನ ವಿಲಿಯಂ ಹಾರ್ವೆ ಅಲ್ಲ, ಅವರಿಗಿಂತ ಸುಮಾರು ನಾನೂರು ವರ್ಷ ಮೊದಲಿದ್ದ ಮುಸ್ಲಿಂ ವೈದ್ಯ ಇಬ್ನುನ್ನಫೀಸ್ ಎಂದು ಅದರಲ್ಲಿರುತ್ತದೆ. ಹಿರಿಯರು ಮಾಶಾ ಅಲ್ಲಾಹ್ ಎಂದು ಮುಂದೆ ಕಳಿಸುತ್ತಾರೆ. ಕಾಲೇಜಿಗೆ ಹೋಗುವ ಮಕ್ಕಳು ನಗುವ ಚಿತ್ರ ಹಾಕಿ ಸುಮ್ಮನಾಗುತ್ತಾರೆ. ನಾನು ವೈದ್ಯಕೀಯ ವಿದ್ಯಾರ್ಥಿಗಳಿಗೆ ಅಂಗರಚನಾಶಾಸ್ತ್ರ ಕಲಿಸುವವನು. ಉಪ್ಪಳ, ಕುಂಬಳೆ, ಉಳ್ಳಾಲ ಕಡೆಯಿಂದ ಬರುವ ನಮ್ಮ ಮಕ್ಕಳು ಎದೆಯ ಪಾಠ ಶುರುವಾದ ವಾರ ಬಂದು "ಸರ್, ಅದು ನಿಜವಾ?" ಎಂದು ಮೆಲ್ಲಗೆ ಕೇಳುವುದುಂಟು. ಅರ್ಧ ನಿಜ. ಆದರೆ ಆ ಅರ್ಧ ಎಷ್ಟು ದೊಡ್ಡದೆಂದು ಸಂದೇಶ ಬರೆದವರಿಗೂ ಗೊತ್ತಿಲ್ಲ, ನಗುವವರಿಗೂ ಗೊತ್ತಿಲ್ಲ.

ಮೊದಲು ಎದೆಯ ಒಳಗೆ ಏನಿದೆ ನೋಡೋಣ. ಹೃದಯಕ್ಕೆ ನಾಲ್ಕು ಕೋಣೆ, ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ಹೃತ್ಕರ್ಣ, ಹೃತ್ಕುಕ್ಷಿ ಎಂಬ ಹೆಸರು ನೆನಪಿರಬಹುದು. ಮೈಯೆಲ್ಲ ಸುತ್ತಿ ಬಂದ ಕಪ್ಪಗಿನ ರಕ್ತ ಬಲಗಡೆಗೆ ಬರುತ್ತದೆ. ಬಲ ಹೃತ್ಕುಕ್ಷಿ ಅದನ್ನು ಶ್ವಾಸಕೋಶಗಳಿಗೆ ತಳ್ಳುತ್ತದೆ. ಅಲ್ಲಿ ಗಾಳಿ ತಗಲಿ ಕೆಂಪಾದ ರಕ್ತ ಎಡಗಡೆಗೆ ಇಳಿದು, ಎಡ ಹೃತ್ಕುಕ್ಷಿಯಿಂದ ಮಹಾಪಧಮನಿಗೆ ಹೋಗುತ್ತದೆ. ಸುಮ್ಮನೆ ಕುಳಿತಿರುವ ವಯಸ್ಕರಲ್ಲೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಈ ದಾರಿಯಲ್ಲಿ ಸಾಗುತ್ತದೆ. ಎರಡು ಹೃತ್ಕುಕ್ಷಿಗಳ ನಡುವೆ ದಪ್ಪ ಮಾಂಸದ ಗೋಡೆ ಇದೆ. ಈ ಕಥೆಯೆಲ್ಲ ಆ ಗೋಡೆಯದ್ದೇ.

ಎರಡನೇ ಶತಮಾನದಲ್ಲಿ ರೋಮಿನಲ್ಲಿದ್ದ ಗ್ರೀಕ್ ವೈದ್ಯ ಗ್ಯಾಲನ್, ಅರಬಿಯಲ್ಲಿ ಜಾಲೀನೂಸ್, ಆ ಗೋಡೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿವೆ ಎಂದು ಬರೆದ. ರಕ್ತ ಯಕೃತ್ತಿನಲ್ಲಿ ತಯಾರಾಗಿ ಬಲಗಡೆಗೆ ಬರುತ್ತದೆ, ಅದರಲ್ಲಿ ಸ್ವಲ್ಪ ರಂಧ್ರಗಳ ಮೂಲಕ ಎಡಗಡೆಗೆ ಜಿನುಗುತ್ತದೆ ಎನ್ನುವುದು ಅವನ ಲೆಕ್ಕ. ಗ್ಯಾಲನ್ ಸಾಮಾನ್ಯನಲ್ಲ, ಕೋತಿ, ಹಂದಿಗಳನ್ನು ಕೊಯ್ದು ನೋಡಿ ಬರೆದವನು. ಅದಕ್ಕೇ ಅವನ ಮಾತು ಸಾವಿರ ವರ್ಷಕ್ಕೂ ಹೆಚ್ಚು ಕಾಲ ನಿಂತಿತು. ಇಬ್ನು ಸೀನಾರ 'ಅಲ್ ಖಾನೂನ್' ಕೂಡ ರಕ್ತದ ವಿಷಯದಲ್ಲಿ ಹೆಚ್ಚುಕಡಿಮೆ ಅವನ ಬೆನ್ನಿಗೇ ಹೋಯಿತು.

ಇನ್ನು ಇಬ್ನುನ್ನಫೀಸ್. ದಮಾಸ್ಕಸ್ ಕಡೆಯವರು, ಹುಟ್ಟಿದ್ದು ಸುಮಾರು 1210ರಲ್ಲಿ. ಅಲ್ಲಿನ ನೂರಿ ಆಸ್ಪತ್ರೆಯಲ್ಲಿ ಅದ್ದಖ್ವಾರ್ ಎಂಬ ಹೆಸರಾಂತ ವೈದ್ಯರ ಬಳಿ ಕಲಿತು ಆಮೇಲೆ ಕೈರೋಗೆ ಹೋದರು. ನಮ್ಮ ಓದುಗರಿಗೆ ಹತ್ತಿರವಾಗುವ ಸಂಗತಿ ಇನ್ನೊಂದಿದೆ. ಇವರು ಶಾಫಿಈ ಫಿಕ್ಹ್‌ನ ವಿದ್ವಾಂಸರು, ಕೈರೋದ ಮಸ್ರೂರಿಯ್ಯ ಮದ್ರಸದಲ್ಲಿ ಅದನ್ನೇ ಕಲಿಸುತ್ತಿದ್ದರು. ಶಾಫಿಈ ವಿದ್ವಾಂಸರ ಚರಿತ್ರೆ ಬರೆದ ಇಮಾಂ ಸುಬ್ಕಿಯವರ 'ತಬಖಾತ್'ನಲ್ಲಿ ಇವರಿಗೂ ಜಾಗವಿದೆ. ನಾವು ಯಾರ 'ಅರ್ಬಯೀನ್' ಓದಿ ಬೆಳೆದೆವೋ ಆ ಇಮಾಂ ನವವಿ ಇದೇ ಕಾಲದವರು. 1277ರಲ್ಲಿ ಅವರು ತೀರಿಕೊಂಡಾಗ ಇಬ್ನುನ್ನಫೀಸ್ ಕೈರೋದಲ್ಲಿ ವೃದ್ಧ ವೈದ್ಯ.

ಅವರ ಬರವಣಿಗೆಯ ಬಗ್ಗೆ ಹಳೆಯ ಚರಿತ್ರೆಕಾರರು ಹೇಳುವ ಕಥೆಗಳು ಓದಲು ಖುಷಿ. ಮೊದಲೇ ಚೂಪು ಮಾಡಿದ ಲೇಖನಿಗಳ ರಾಶಿ ಪಕ್ಕದಲ್ಲಿ ಇರಬೇಕಂತೆ. ಗೋಡೆಗೆ ಮುಖ ಮಾಡಿ, ಯಾವ ಕಿತಾಬ್ ತೆರೆಯದೆ ನೆನಪಿನಿಂದಲೇ ಬರೆಯುತ್ತಿದ್ದರಂತೆ. ಒಮ್ಮೆ ಸ್ನಾನಗೃಹದಲ್ಲಿ ಅರ್ಧ ಮಿಂದು ಹೊರಬಂದು, ಶಾಯಿ ತರಿಸಿ, ನಾಡಿಯ ಬಗ್ಗೆ ಒಂದು ಪುಟ್ಟ ಗ್ರಂಥ ಬರೆದು ಮುಗಿಸಿ, ಮತ್ತೆ ಒಳಗೆ ಹೋಗಿ ಸ್ನಾನ ಪೂರೈಸಿದರಂತೆ. ಎಷ್ಟು ನಿಜವೋ ಏನೋ, ಮನುಷ್ಯನ ಅಂದಾಜಂತೂ ಸಿಗುತ್ತದೆ.

ರಕ್ತದ ದಾರಿಯ ಮಾತು ಬರುವುದು ಅವರ 'ಶರ್ಹು ತಶ್ರೀಹಿಲ್ ಖಾನೂನ್' ಎಂಬ ಪುಸ್ತಕದಲ್ಲಿ. 1242ರ ಹೊತ್ತಿಗೆ ಅದು ಬರೆದು ಮುಗಿದಿತ್ತು. ಅವರಿಗಾಗ ಮೂವತ್ತರ ಆಸುಪಾಸು. ಪಳ್ಳಿ ದರ್ಸ್‌ನಲ್ಲಿ ಓದಿದವರಿಗೆ ಶರ್ಹ್ ಎಂದರೆ ಬಿಡಿಸಿ ಹೇಳಬೇಕಿಲ್ಲ. ಮತ್ನ್ ಇರುತ್ತದೆ, ಅದಕ್ಕೊಂದು ಶರ್ಹ್ ಇರುತ್ತದೆ. ಪೊನ್ನಾನಿಯ ಮಖ್ದೂಮರ 'ಫತ್‌ಹುಲ್ ಮುಈನ್' ಸಹ ಅವರದೇ ಇನ್ನೊಂದು ಕಿತಾಬಿನ ಶರ್ಹ್. ದರ್ಸ್ ಅಂದರೆ ಉರು ಹೊಡೆಯುವುದು ಎಂದು ಹೀಗಳೆಯುವವರು ಇದನ್ನು ಗಮನಿಸಬೇಕು. ಒಳ್ಳೆಯ ಶರ್ಹ್ ಬರೆಯುವವನು ಮತ್ನಿನ ಪ್ರತಿ ಪದದ ಮೇಲೆ ನಿಲ್ಲುತ್ತಾನೆ, ತಕರಾರು ತೆಗೆಯುತ್ತಾನೆ, ಬೇಕಾದರೆ ಬೇಡವೆನ್ನುತ್ತಾನೆ. ಇಬ್ನುನ್ನಫೀಸ್ ಫಿಕ್ಹ್‌ನಲ್ಲಿ ಕಲಿತ ಈ ಪಟ್ಟನ್ನೇ ಇಬ್ನು ಸೀನಾರ ಮೇಲೆ ಪ್ರಯೋಗಿಸಿದರು ಎಂದು ನನಗನಿಸುತ್ತದೆ. ಇನ್ನೊಂದು ಚಂದ: ವಿವರಣೆ ಎಂಬರ್ಥದ ಶರ್ಹ್, ಅಂಗಚ್ಛೇದನ ಎಂಬರ್ಥದ ತಶ್ರೀಹ್ ಎರಡೂ ಒಂದೇ ಧಾತುವಿನವು, ತೆರೆಯುವುದು ಎಂಬುದು ಅದರ ಮೂಲ. ಮದ್ರಸದ ಸಣ್ಣ ಮಕ್ಕಳೂ ಬಾಯಿಪಾಠ ಹೇಳುವ ಅಶ್ಶರ್ಹ್ ಸೂರಾದ ಹೆಸರೂ ಅದೇ, ಅಲ್ಲಿ ತೆರೆಯಲ್ಪಡುವುದೂ ಎದೆಯೇ.

ಅವರ ವಾದ ಸರಳ, ಅದಕ್ಕೇ ಬಲವಾದದ್ದು. ಎರಡು ಹೃತ್ಕುಕ್ಷಿಗಳ ನಡುವಿನ ಗೋಡೆ ದಪ್ಪ, ಗಟ್ಟಿ. ಅದರಲ್ಲಿ ಕಣ್ಣಿಗೆ ಕಾಣುವ ತೂತೂ ಇಲ್ಲ, ಗ್ಯಾಲನ್ ಊಹಿಸಿದ ಕಾಣದ ತೂತೂ ಇಲ್ಲ. ಬಲಗಡೆಯ ರಕ್ತ ಎಡಗಡೆಗೆ ಬರಲೇಬೇಕಲ್ಲ, ಹಾಗಾದರೆ ಉಳಿದ ದಾರಿ ಒಂದೇ. ರಕ್ತ ಬಲಗಡೆಯಿಂದ ಶ್ವಾಸಕೋಶಕ್ಕೆ ಹೋಗಬೇಕು, ಅಲ್ಲಿ ಗಾಳಿಯೊಡನೆ ಬೆರೆಯಬೇಕು, ಮತ್ತೊಂದು ನಾಳದಲ್ಲಿ ಎಡಗಡೆಗೆ ಬರಬೇಕು. ಶ್ವಾಸಕೋಶದಲ್ಲಿ ಆ ಎರಡು ನಾಳಗಳ ನಡುವೆ ಹಾದಿಗಳಿವೆ ಎಂದೂ ಬರೆದರು. ಹೃದಯಕ್ಕೆ ಮೂರು ಹೃತ್ಕುಕ್ಷಿ ಎಂದಿದ್ದ ಇಬ್ನು ಸೀನಾರನ್ನು ತಿದ್ದಿ ಎರಡೇ ಎಂದರು. ಹೃದಯಕ್ಕೆ ಆಹಾರ ಸಿಗುವುದು ಒಳಗೆ ತುಂಬಿದ ರಕ್ತದಿಂದಲ್ಲ, ಹೃದಯದ ಮಾಂಸದಲ್ಲೇ ಹಬ್ಬಿದ ನಾಳಗಳಿಂದ ಎಂದರು. ಇಂದು ನಮ್ಮ ಎಷ್ಟೋ ಮನೆಗಳಲ್ಲಿ ಬ್ಲಾಕ್, ಸ್ಟೆಂಟ್ ಎಂದು ಮಾತಾಗುವುದು ಇದೇ ನಾಳಗಳ ಬಗ್ಗೆ.

ಗೋಡೆಯಲ್ಲಿ ತೂತು ಇರುವ ಹೃದಯಗಳೂ ಇವೆ. ಹುಟ್ಟುವಾಗಲೇ ಬರುವ ಹೃದಯದ ತೊಂದರೆಗಳಲ್ಲಿ ಇದು ಅತಿ ಸಾಮಾನ್ಯವಾದವುಗಳಲ್ಲಿ ಒಂದು. "ಮಗುವಿನ ಹಾರ್ಟಲ್ಲಿ ಓಟೆ ಇದೆಯಂತೆ" ಎಂದು ತಾಯಂದಿರು ಗಾಬರಿಯಾಗಿ ಕೇಳುವುದನ್ನು ನಾನೂ ಕೇಳಿದ್ದೇನೆ. ಇಲ್ಲಿ ಒಂದು ಸೋಜಿಗವಿದೆ. ಎಡ ಹೃತ್ಕುಕ್ಷಿಯ ಒತ್ತಡ ಬಲದ್ದಕ್ಕಿಂತ ಎಷ್ಟೋ ಹೆಚ್ಚು. ಮೈಗೆ ಹೋಗುವ ರಕ್ತದ ಮೇಲಿನ ಒತ್ತಡ 120 ಇದ್ದರೆ ಶ್ವಾಸಕೋಶಕ್ಕೆ ಹೋಗುವುದರದ್ದು ಸುಮಾರು 25. ಹಾಗಾಗಿ ತೂತು ಇದ್ದರೆ ರಕ್ತ ಸಾಮಾನ್ಯವಾಗಿ ಎಡದಿಂದ ಬಲಕ್ಕೆ ನುಗ್ಗುತ್ತದೆ, ಗ್ಯಾಲನ್ ಹೇಳಿದ್ದಕ್ಕೆ ಪೂರ್ತಿ ಉಲ್ಟಾ. ಆ ಸದ್ದನ್ನು ಎದೆಮೂಳೆಯ ಕೆಳಭಾಗದ ಎಡ ಅಂಚಿನಲ್ಲಿ ಸ್ಟೆತಸ್ಕೋಪ್ ಇಟ್ಟು ಕೇಳಬಹುದು. ಸಣ್ಣ ತೂತುಗಳು ಎಷ್ಟೋ ಸಲ ಮಗು ಬೆಳೆದಂತೆ ತಾವಾಗಿ ಮುಚ್ಚಿಕೊಳ್ಳುತ್ತವೆ, ದೊಡ್ಡದಾದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಸಾವಿರ ವರ್ಷ ಎಲ್ಲರ ಎದೆಯ ನಿಯಮವೆಂದು ನಂಬಿದ್ದು ಕೆಲವು ಮಕ್ಕಳ ಕಾಯಿಲೆಯಾಗಿತ್ತು.

ಈಗ ಸಂದೇಶದ ಇನ್ನರ್ಧಕ್ಕೆ ಬರುತ್ತೇನೆ. ಇಬ್ನುನ್ನಫೀಸ್ ಹೇಳಿದ್ದು ಶ್ವಾಸಕೋಶದ ಮೂಲಕ ಹಾದುಹೋಗುವ ಚಿಕ್ಕ ಸುತ್ತನ್ನು. ಮೈಯೆಲ್ಲ ಸುತ್ತಿ ಅದೇ ರಕ್ತ ಹೃದಯಕ್ಕೆ ಮರಳುತ್ತದೆ ಎಂದು ಅವರು ಹೇಳಲಿಲ್ಲ. ರಕ್ತ ಯಕೃತ್ತಿನಲ್ಲಿ ಹುಟ್ಟುತ್ತದೆ, ಎಡಗಡೆಯಲ್ಲಿ ಪ್ರಾಣಚೈತನ್ಯ ತಯಾರಾಗುತ್ತದೆ ಎಂಬ ಹಳೆಯ ಚೌಕಟ್ಟಿನಲ್ಲೇ ಅವರಿದ್ದರು. ಹಾರ್ವೆ 1628ರಲ್ಲಿ ಮಾಡಿದ್ದು ಬೇರೆ. ಹೃದಯ ಪ್ರತಿ ಬಡಿತಕ್ಕೆ ತಳ್ಳುವ ರಕ್ತವನ್ನು ಲೆಕ್ಕ ಹಾಕಿದರು. ಅರ್ಧ ಗಂಟೆಯಲ್ಲಿ ಅದು ಇಡೀ ಮೈಯಲ್ಲಿರುವ ರಕ್ತವನ್ನೂ ಮೀರುತ್ತದೆ, ಅಷ್ಟನ್ನು ಹೊಸದಾಗಿ ತಯಾರಿಸುವುದು ಅಸಾಧ್ಯ, ಆದ್ದರಿಂದ ಅದು ಸುತ್ತುತ್ತಲೇ ಇರಬೇಕು ಎಂದು ತೋರಿಸಿದರು. ಇಬ್ಬರನ್ನೂ ಕುಸ್ತಿಗೆ ಬಿಡುವುದು ಇಬ್ಬರಿಗೂ ಅನ್ಯಾಯ.

ನಡುವೆ ಯುರೋಪಿನಲ್ಲೂ ಇಬ್ಬರು ಈ ಚಿಕ್ಕ ಸುತ್ತನ್ನು ಬರೆದರು. ಸ್ಪೇನಿನ ಮೈಕೆಲ್ ಸರ್ವೀಟಸ್ 1553ರಲ್ಲಿ ಒಂದು ಧಾರ್ಮಿಕ ಗ್ರಂಥದ ನಡುವೆ ಬರೆದ, ಅದೇ ವರ್ಷ ಧರ್ಮದ್ರೋಹದ ಆರೋಪದಲ್ಲಿ ಜಿನೀವಾದಲ್ಲಿ ಜೀವಂತ ಸುಡಲ್ಪಟ್ಟ. ಇಟಲಿಯ ರಿಯಾಲ್ಡೊ ಕೊಲಂಬೊ ಅವರ ಪುಸ್ತಕ 1559ರಲ್ಲಿ ಬಂತು. ಇವರು ಇಬ್ನುನ್ನಫೀಸರನ್ನು ಕದ್ದರೆಂದು ನಮ್ಮವರು ಕೆಲವರು ಹೇಳುತ್ತಾರೆ. ದಮಾಸ್ಕಸ್‌ನಲ್ಲಿ ವೆನಿಸ್ ದೂತಾವಾಸದ ವೈದ್ಯನಾಗಿ ವರ್ಷಗಟ್ಟಲೆ ಇದ್ದ ಆಂಡ್ರಿಯಾ ಅಲ್ಪಾಗೊ, ಇಬ್ನುನ್ನಫೀಸರ ಒಂದು ಭಾಗವನ್ನು ಲ್ಯಾಟಿನ್ನಿಗೆ ಅನುವಾದಿಸಿದ್ದು ಹೌದು, ಅದು 1547ರಲ್ಲಿ ವೆನಿಸ್‌ನಲ್ಲಿ ಅಚ್ಚಾದದ್ದೂ ಹೌದು. ಆದರೆ ಅದು ಮದ್ದುಗಳ ಭಾಗ, ಶ್ವಾಸಕೋಶದ ಸಂಗತಿ ಅದರಲ್ಲಿಲ್ಲ. ಕಳ್ಳತನದ ಆರೋಪಕ್ಕೆ ಸಾಕ್ಷಿ ಬೇಕು, ಸಾಕ್ಷಿಯ ಮಹತ್ವ ಫಿಕ್ಹ್ ಓದಿದವರಿಗೆ ಯಾರೂ ಕಲಿಸಬೇಕಿಲ್ಲ. 1661ರಲ್ಲಿ ಇಟಲಿಯ ಮಾಲ್ಪೀಘಿ ಸೂಕ್ಷ್ಮದರ್ಶಕದಲ್ಲಿ ಕಪ್ಪೆಯ ಶ್ವಾಸಕೋಶ ನೋಡಿ, ಎರಡು ಬಗೆಯ ನಾಳಗಳನ್ನು ಜೋಡಿಸುವ ಕೂದಲಿಗಿಂತ ತೆಳುವಾದ ಲೋಮನಾಳಗಳನ್ನು ಕಂಡರು. ಕೈರೋದ ಶರ್ಹ್‌ನಲ್ಲಿ ಬರೀ ತರ್ಕದಿಂದ ಇಟ್ಟಿದ್ದ ಹಾದಿಗಳು ಆಗ ಕಣ್ಣಿಗೆ ಬಿದ್ದವು.

ನಮ್ಮವರೇ ಮರೆತರಲ್ಲ ಎಂಬುದು ನನಗೆ ಹೆಚ್ಚು ಕಾಡುವ ವಿಷಯ. ಪುಸ್ತಕ ಕಪಾಟುಗಳಲ್ಲಿ ಇತ್ತು, ಆ ಪುಟದ ಬೆಲೆ ತಿಳಿದವರು ಕಡಿಮೆ. 1924ರಲ್ಲಿ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಓದುತ್ತಿದ್ದ ಈಜಿಪ್ಟಿನ ಯುವ ವೈದ್ಯ ಮುಹ್ಯುದ್ದೀನ್ ತತಾವಿ, ಬರ್ಲಿನ್ ಗ್ರಂಥಾಲಯದ ಹಸ್ತಪ್ರತಿಯೊಂದರಲ್ಲಿ ಇದನ್ನು ಗುರುತಿಸಿ ತಮ್ಮ ಡಾಕ್ಟರೇಟ್ ಪ್ರಬಂಧ ಬರೆದರು. ಕೈರೋದಲ್ಲಿದ್ದ ಜರ್ಮನ್ ಕಣ್ಣಿನ ವೈದ್ಯ ಮ್ಯಾಕ್ಸ್ ಮೈಯರ್ಹೋಫ್ ಅದರ ಬೆಲೆ ಅರಿತು 1930ರ ದಶಕದಲ್ಲಿ ಜಗತ್ತಿಗೆ ತಿಳಿಸಿದರು.

ಇಬ್ನುನ್ನಫೀಸ್ ಸ್ವತಃ ಶವ ಕೊಯ್ದು ನೋಡಿದ್ದರೇ? ಪುಸ್ತಕದ ಆರಂಭದಲ್ಲಿ, ಶರೀಅತ್‌ನ ತಡೆ ಮತ್ತು ತನ್ನೊಳಗಿನ ಕರುಣೆ ಎರಡೂ ತನ್ನನ್ನು ಅಂಗಚ್ಛೇದನದಿಂದ ದೂರ ಇಟ್ಟವು ಎಂಬರ್ಥದ ಮಾತು ಬರೆದಿದ್ದಾರೆ. ಆದರೆ ಒಳಗೆ ಒಂದೆಡೆ, ಅಂಗಚ್ಛೇದನವೇ ಇಬ್ನು ಸೀನಾರ ಮಾತನ್ನು ಸುಳ್ಳೆನ್ನುತ್ತದೆ ಎಂದೂ ವಾದಿಸುತ್ತಾರೆ. ವಿದ್ವಾಂಸರು ಇದರ ಮೇಲೆ ಇಂದಿಗೂ ಚರ್ಚಿಸುತ್ತಾರೆ.

ಈ ಪ್ರಶ್ನೆ ನಮ್ಮ ಮನೆಗಳಲ್ಲಿ ಇನ್ನೂ ಜೀವಂತ. ಮೊದಲ ವರ್ಷದ ಒಬ್ಬಳು ಹುಡುಗಿ ಶವದ ಮೇಜಿನ ಬಳಿ ಕೈಗವಸು ಹಾಕಿಕೊಂಡು ನಿಂತೇ ಇದ್ದಳು, ಚೂರಿ ಮುಟ್ಟಲಿಲ್ಲ. ಮಯ್ಯಿತ್ತಿಗೆ ನೋವು ಕೊಡಬಾರದೆಂದು ಅಜ್ಜಿ ಹೇಳಿದ್ದರಂತೆ. ಆ ಅಳುಕನ್ನು ನಾನು ಹಗುರ ಮಾಡಲಿಲ್ಲ. ಇಬ್ನುನ್ನಫೀಸರಿಗೂ ಅದೇ ಅಳುಕಿತ್ತು ಎಂದಷ್ಟೇ ಹೇಳಿ ಈ ಕಥೆ ಹೇಳಿದೆ. ಈ ಹಿಂಜರಿಕೆ ನಮ್ಮ ಸಮುದಾಯಕ್ಕೆ ಮಾತ್ರ ಸೇರಿದ್ದೂ ಅಲ್ಲ, 1836ರಲ್ಲಿ ಕಲ್ಕತ್ತಾದಲ್ಲಿ ಪಂಡಿತ ಮಧುಸೂದನ ಗುಪ್ತ ಶವ ಕೊಯ್ದಾಗ ಅದು ದೊಡ್ಡ ಸುದ್ದಿಯಾಗಿತ್ತು. ಅವಳು ಮುಂದಿನ ವಾರ ಚೂರಿ ಹಿಡಿದಳು, ಬಿಸ್ಮಿ ಹೇಳಿ. ಆ ದಿನದ ಪಾಠ ಹೃದಯದ ಬಲಗಡೆಯದ್ದು. ಗೋಡೆಯನ್ನು ಎರಡು ಬೆರಳಿನ ನಡುವೆ ಹಿಡಿದು ದಪ್ಪ ನೋಡು ಎಂದೆ. ಹಿಡಿದು ನೋಡಿ, "ಇದರಲ್ಲಿ ಹೇಗೆ ಸರ್ ಜಿನುಗುತ್ತದೆ?" ಎಂದಳು.

ಇಬ್ನುನ್ನಫೀಸ್ 1288ರ ಡಿಸೆಂಬರಿನಲ್ಲಿ ಕೈರೋದಲ್ಲಿ ತೀರಿಕೊಂಡರು. ಕೊನೆಯ ಕಾಯಿಲೆಯಲ್ಲಿ ಜೊತೆಯ ವೈದ್ಯರು ಮದ್ದಾಗಿ ಸ್ವಲ್ಪ ಮದ್ಯ ಕುಡಿಯಲು ಹೇಳಿದಾಗ, ಒಡಲಲ್ಲಿ ಅದನ್ನಿಟ್ಟುಕೊಂಡು ಅಲ್ಲಾಹನ ಮುಂದೆ ಹೋಗಲಾರೆ ಎಂದು ಒಲ್ಲೆನೆಂದರು ಎಂದು ಚರಿತ್ರೆಕಾರರು ಬರೆಯುತ್ತಾರೆ. ತಮ್ಮ ಮನೆಯನ್ನೂ ಕಿತಾಬುಗಳನ್ನೂ ಸುಲ್ತಾನ್ ಖಲಾವೂನ್ ಕೆಲವೇ ವರ್ಷ ಹಿಂದೆ ಕಟ್ಟಿಸಿದ್ದ ಮನ್ಸೂರಿ ಆಸ್ಪತ್ರೆಗೆ ವಕ್ಫ್ ಮಾಡಿದ್ದರು. ಆ ಸಮುಚ್ಚಯದ ಮದ್ರಸ ಮತ್ತು ಸಮಾಧಿ ಇಂದಿಗೂ ಕೈರೋದ ಮುಇಝ್ಝ್ ಬೀದಿಯಲ್ಲಿ ನಿಂತಿವೆ. ಹಳೆಯ ಆಸ್ಪತ್ರೆ ಬಹುಪಾಲು ಹೋಗಿದೆ, ಆ ಜಾಗದಲ್ಲಿ ಇಪ್ಪತ್ತನೇ ಶತಮಾನದಲ್ಲಿ ಒಂದು ಕಣ್ಣಿನ ಆಸ್ಪತ್ರೆ ಎದ್ದಿತು.