ಜಲಕಳೆ ನಿಯಂತ್ರಣ ಅನುದಾನ

ಕೆರೆ, ಹಿನ್ನೀರು, ಅಳಿವೆ ಮುಂತಾದ ಜೌಗು ಪ್ರದೇಶಗಳಲ್ಲಿ ಹಬ್ಬಿದ ಪರದೇಶದ ಗಿಡಗಳನ್ನು ತೆಗೆಯಲು ಸರ್ಕಾರ ಒದಗಿಸುವ ಹಣ. ಭಾರತದಲ್ಲಿ ಇದು ಸಾಮಾನ್ಯವಾಗಿ ಜಲಮೂಲ ಅಭಿವೃದ್ಧಿ ಯೋಜನೆಗಳ ಭಾಗವಾಗಿ ದೊರೆಯುತ್ತದೆ. 2013ರಲ್ಲಿ ಕೆರೆ ಮತ್ತು ಜೌಗು ಪ್ರದೇಶಗಳ ಎರಡು ಕೇಂದ್ರ ಯೋಜನೆಗಳನ್ನು ಒಂದುಗೂಡಿಸಿ ರೂಪಿಸಿದ ಜಲಪರಿಸರ ಸಂರಕ್ಷಣಾ ಯೋಜನೆಯಲ್ಲಿ ಕಳೆ ತೆಗೆಯುವುದೂ ಸೇರಿದೆ. ಕರ್ನಾಟಕದಂಥ ರಾಜ್ಯಗಳಲ್ಲಿ ಕೇಂದ್ರ ಮತ್ತು ರಾಜ್ಯಗಳ ವೆಚ್ಚದ ಪಾಲು 60:40. 2005ರ ಉದ್ಯೋಗ ಖಾತರಿ ಕಾಯ್ದೆಯಡಿ ಕೆರೆಗಳ ಹೂಳೆತ್ತುವಿಕೆ ಮತ್ತು ಪುನಶ್ಚೇತನಕ್ಕೂ ಹಣ ದೊರೆಯುತ್ತಿತ್ತು.

ತೆಗೆಯಬೇಕಾದ ಗಿಡ ಪ್ರದೇಶಕ್ಕೆ ತಕ್ಕಂತೆ ಬೇರೆಯಾಗುತ್ತದೆ. ಉದಾಹರಣೆಗೆ, ದಾವಣಗೆರೆ ಜಿಲ್ಲೆಯ ಜಗಳೂರು ಮಳೆ ಕಡಿಮೆಯಿರುವ ತಾಲ್ಲೂಕು. ಇಂಥ ಬಯಲುಸೀಮೆಯಲ್ಲಿ ಕೆರೆ ಒಣಗಿದಾಗ ಅಂಗಳಕ್ಕೆ ನುಗ್ಗುವ ಮುಖ್ಯ ಗಿಡ ಅಮೆರಿಕ ಖಂಡ ಮೂಲದ ಬಳ್ಳಾರಿ ಜಾಲಿ. ಕಾಯಿ ತಿಂದ ದನ, ಕುರಿ, ಮೇಕೆಗಳ ಸಗಣಿ, ಹಿಕ್ಕೆಗಳ ಮೂಲಕ ಬೀಜ ಹರಡುತ್ತದೆ. ಬುಡ ಉಳಿಸಿ ಕಡಿದರೆ ಮತ್ತೆ ಚಿಗುರುತ್ತದೆ. ತುಂಗಭದ್ರೆಯಿಂದ ತಾಲ್ಲೂಕಿನ 57 ಕೆರೆಗಳನ್ನು ತುಂಬಿಸುವ ರಾಜ್ಯ ಯೋಜನೆಯಿಂದ ಈ ಕೆರೆಗಳ ಅಂಗಳ, ಏರಿ, ಕಾಲುವೆಗಳ ನಿರ್ವಹಣೆಯ ಮಹತ್ವ ಹೆಚ್ಚಿದೆ.

ನೀರು ನಿಲ್ಲುವ ಕೆರೆಗಳಲ್ಲಿ ದಕ್ಷಿಣ ಅಮೆರಿಕದ ವಾಟರ್ ಹಯಸಿಂತ್ ಪ್ರಮುಖ ಕಳೆ. ಇದನ್ನು ತಿನ್ನುವ ಮೂತಿಹುಳುಗಳನ್ನು 1980ರ ದಶಕದಲ್ಲಿ ಬೆಂಗಳೂರಿನ ಸಂಶೋಧಕರು ಸರ್ಕಾರಿ ನೆರವಿನಲ್ಲಿ ಪರೀಕ್ಷಿಸಿ ಕೆರೆಗಳಿಗೆ ಬಿಟ್ಟರು.

ಒಮ್ಮೆ ಕಿತ್ತರೂ ಮಣ್ಣಿನಲ್ಲಿ ಉಳಿದ ಬೀಜದಿಂದ ಕಳೆ ಮರಳುವುದರಿಂದ ಹಲವು ವರ್ಷಗಳ ನಿರ್ವಹಣಾ ವೆಚ್ಚವನ್ನೂ ಅನುದಾನದಲ್ಲಿ ಸೇರಿಸಬೇಕಾಗುತ್ತದೆ.