ದಣಿವಿಗೂ ಒಂದು ಚರಿತ್ರೆ

ನಮ್ಮ ಲೋಕಾಪುರದ ಕಡೆ ಮಾತಿನಲ್ಲಿ ದಣಿವಿಗೆ ಹೆಸರುಗಳು ಬಹಳ. ಹೊಲದಿಂದ ಬಂದವರಿಗೆ ದಣಿವು, ಜಾತ್ರೆ ತಿರುಗಿ ಬಂದವರಿಗೆ ಸುಸ್ತು, ಬಾಣಂತಿಗೆ ನಿತ್ರಾಣ, ವಯಸ್ಸಾದವರಿಗೆ ‘ಕೈಕಾಲು ಸೋತಾವ’. ಇವೆಲ್ಲಕ್ಕೂ ಮದ್ದು ಒಂದೇ. ಉಂಡು ಒಂದು ರಾತ್ರಿ ಮಲಗಿ ಎದ್ದರೆ ಹೋಗಬೇಕು. ಮಲಗಿ ಎದ್ದರೂ ಹೋಗದೆ ತಿಂಗಳಾನುಗಟ್ಟಲೆ ಮೈಯಲ್ಲಿ ಕೂತುಬಿಡುವ ದಣಿವಿಗೆ ಮಾತ್ರ ನಮ್ಮಲ್ಲಿ ಹೆಸರಿಲ್ಲ. ಹೆಸರಿಲ್ಲದ್ದಕ್ಕೆ ಜನ ತಾವೇ ಒಂದು ಹೆಸರಿಡುತ್ತಾರೆ. ಗಂಡಸಿಗೆ ಬಂದರೆ ಚಿಂತೆ, ಹೆಂಗಸಿಗೆ ಬಂದರೆ ಮೈಗಳ್ಳತನ.

ಆ ದಣಿವನ್ನು ನಾನು ಸುಮಾರು ಎರಡು ವರ್ಷ ಹೊತ್ತಿದ್ದೇನೆ. ಶಾಲೆಯಲ್ಲಿ ಮಕ್ಕಳಿಗೆ ಇತಿಹಾಸ ಹೇಳುವವಳಾದ್ದರಿಂದ, ಗುಣವಾದ ಮೇಲೆ ಅದರ ಇತಿಹಾಸವನ್ನೂ ಹುಡುಕಬೇಕೆನ್ನಿಸಿತು. ರಾಜರಿಗೆ, ಯುದ್ಧಗಳಿಗೆ ಇದ್ದಂತೆ ದಣಿವಿಗೂ ಒಂದು ಚರಿತ್ರೆಯಿದೆ. ಅದರಲ್ಲಿ ಹೆಚ್ಚಿನ ಪಾಲು ಹೆಂಗಸರದೇ.

ನನ್ನ ಪಾಲಿಗೆ ಅದು ಶುರುವಾದದ್ದು 2006ರಲ್ಲಿ, ಚಿಕುನ್‌ಗುನ್ಯಾದ ವರ್ಷ. ಆ ಹೆಸರು ಕೇಳಿ ನಮ್ಮ ಜನ ಕೋಳಿಯಿಂದ ಬರುವ ಜ್ವರವೆಂದು ಕೋಳಿ ತಿನ್ನುವುದನ್ನೇ ಬಿಟ್ಟಿದ್ದರು. ಕೋಳಿಗೂ ಅದಕ್ಕೂ ಸಂಬಂಧವಿಲ್ಲ. ಆಫ್ರಿಕದಲ್ಲಿ ಇಂದು ಟಾಂಜಾನಿಯಾ ಎನ್ನುವ ನಾಡಿನಲ್ಲಿ 1952ರ ಸುಮಾರಿಗೆ ಈ ಜ್ವರ ಮೊದಲು ಗುರುತಾಯಿತು. ಅಲ್ಲಿಯ ಮಕೊಂಡೆ ಜನರ ಮಾತಿನಲ್ಲಿ ‘ಬಾಗಿಸುವಂಥದು’ ಎಂಬ ಅರ್ಥದ ಹೆಸರದು. ಕೀಲುನೋವಿಗೆ ನಡು ಬಾಗಿಸಿ ನಡೆಯುವವರನ್ನು ನೋಡಿ ಇಟ್ಟದ್ದು. ನಮ್ಮ ದೇಶಕ್ಕೆ 1963ರಲ್ಲಿ ಕಲ್ಕತ್ತೆಯ ಮೂಲಕ ಬಂತು. 1973ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಕಾಣಿಸಿತು. ವಿಜಾಪುರ ದಾಟಿದರೆ ಸೊಲ್ಲಾಪುರ, ನಮಗದು ಪರದೇಶವಲ್ಲ. ಆಮೇಲೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸದ್ದಿಲ್ಲದೆ ಇದ್ದು, 2005ರ ಕೊನೆಗೆ ಆಂಧ್ರದಲ್ಲೂ ಕರ್ನಾಟಕದಲ್ಲೂ ತಲೆಯೆತ್ತಿತು. 2006ರ ಅಕ್ಟೋಬರ್ ಹೊತ್ತಿಗೆ ದೇಶದಲ್ಲಿ ಹನ್ನೆರಡೂವರೆ ಲಕ್ಷಕ್ಕೂ ಮಿಕ್ಕಿ ಶಂಕಿತ ರೋಗಿಗಳು. ಅವರಲ್ಲಿ ನಮ್ಮ ಕರ್ನಾಟಕದವರೇ 7,52,245 ಮಂದಿ.

ಈ ಜ್ವರ ಹರಡುವ ಈಡಿಸ್ ಸೊಳ್ಳೆ ಗಟಾರದ್ದಲ್ಲ. ಮನೆಯೊಳಗೆ ತುಂಬಿಟ್ಟ ತಿಳಿನೀರಿನಲ್ಲಿ ಮೊಟ್ಟೆಯಿಟ್ಟು, ಹಾಡಹಗಲೇ ಕಚ್ಚುತ್ತದೆ. ನಲ್ಲಿ ನೀರು ಯಾವಾಗ ಬರುವುದೋ ಎಂದು ಕೊಡ, ಹಂಡೆ, ಬ್ಯಾರಲ್ಲು ಎಲ್ಲವನ್ನೂ ತುಂಬಿಡುವ ಊರು ನಮ್ಮದು. ನೀರು ಕೂಡಿಡುವುದು ಒಳ್ಳೆಯ ಗೃಹಿಣಿಯ ಲಕ್ಷಣವೆಂದು ಕಲಿತವರು ನಾವು. ಆ ವರ್ಷ ಅದೇ ನಮ್ಮನ್ನು ಮಲಗಿಸಿತು.

ಜ್ವರ ಐದು ದಿನಕ್ಕೆ ಬಿಟ್ಟಿತು. ಕೀಲುನೋವು ಮೂರು ತಿಂಗಳು ಕಾಡಿತು. ಸೀಮೆಸುಣ್ಣ ಹಿಡಿದರೆ ಬೆರಳು ಮಡಚುತ್ತಿರಲಿಲ್ಲ, ರೊಟ್ಟಿ ಬಡಿಯುವುದಂತೂ ದೂರದ ಮಾತು. ಆದರೂ ನೋವನ್ನು ಜನ ನಂಬುತ್ತಿದ್ದರು, ಏಕೆಂದರೆ ಓಣಿಯ ಎಲ್ಲರಿಗೂ ಅದು ಬಂದಿತ್ತು. ನೋವು ಇಳಿದ ಮೇಲೆ ಉಳಿದದ್ದೇ ಬೇರೆ. ಅದನ್ನು ಹೇಗೆ ಹೇಳಲಿ? ಶನಿವಾರ ಬಟ್ಟೆ ಒಗೆದರೆ ಶನಿವಾರ ಏನೂ ಆಗುತ್ತಿರಲಿಲ್ಲ, ಸೋಮವಾರ ಹಾಸಿಗೆಯಿಂದ ಏಳಲಾಗುತ್ತಿರಲಿಲ್ಲ. ರಾತ್ರಿಯಿಡೀ ಮಲಗಿದರೂ ಮಲಗಿದಂತೆ ಅನ್ನಿಸುತ್ತಿರಲಿಲ್ಲ. ಹಾಜರಿ ಕೂಗುವಾಗ ವರ್ಷವಿಡೀ ಕಂಡ ಮಕ್ಕಳ ಹೆಸರು ನಾಲಿಗೆಯ ತುದಿಯಲ್ಲೇ ಮರೆತುಹೋಗುತ್ತಿತ್ತು. ಪಾಠದ ನಡುವೆ ನಿಂತಲ್ಲೇ ಕಣ್ಣು ಕತ್ತಲಿಟ್ಟು ಮೇಜು ಹಿಡಿದುಕೊಳ್ಳುತ್ತಿದ್ದೆ.

“ಜ್ವರ ಬಿಟ್ಟ ಎಷ್ಟ ದಿನಾತು, ಇನ್ನೂ ಅದನ್ನ ಹೇಳ್ತೀರೇನ್ರೀ ಅಕ್ಕೋರ?” ಎಂದು ನೆರೆಯವರು ನಗುತ್ತಿದ್ದರು. “ನಾವು ಹಡದ ಹನ್ನೊಂದನೇ ದಿನಕ್ಕ ಬೀಸಾಕ ಕುಂತಿದ್ವಿ” ಎಂದು ನಮ್ಮತ್ತೆ ಗೋಡೆಗೆ ಹೇಳಿದಂತೆ ಹೇಳುತ್ತಿದ್ದರು. ತೋರಿಸಿದ ಡಾಕ್ಟರು ರಕ್ತ ತಪಾಸಣೆ ಮಾಡಿಸಿ, ಎಲ್ಲಾ ಸರಿಯಾಗಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಟಾನಿಕ್ಕು ಬರೆದುಕೊಟ್ಟರು. ಕಾಗದದ ಮೇಲೆ ನಾನು ಆರೋಗ್ಯವಂತಳು. ಕಾಗದ ಮಡಚಿಕೊಂಡು ದವಾಖಾನೆಯ ಮೆಟ್ಟಿಲಿಳಿಯಲು ಮಾತ್ರ ಮಗಳ ಹೆಗಲು ಬೇಕಾಗಿತ್ತು.

ಇತಿಹಾಸ ಓದುತ್ತಾ ಹೋದಂತೆ, ಹೀಗೆ ಅನ್ನಿಸಿಕೊಂಡವಳು ನಾನೊಬ್ಬಳೇ ಅಲ್ಲವೆಂದು ತಿಳಿಯಿತು. 1869ರಲ್ಲಿ ಅಮೆರಿಕದ ಜಾರ್ಜ್ ಬಿಯರ್ಡ್ ಎಂಬ ವೈದ್ಯ ಇಂಥ ಬಳಲಿಕೆಗೆ ‘ನ್ಯೂರಸ್ತೀನಿಯಾ’ ಎಂಬ ಹೆಸರನ್ನು ಬಳಕೆಗೆ ತಂದ. ನಮ್ಮ ಬಸ್‌ಸ್ಟ್ಯಾಂಡುಗಳ ಗೋಡೆಯ ಮೇಲೆ ಕಾಣುವ ‘ನರದೌರ್ಬಲ್ಯ’ ಅದೇ ಕುಲದ ಮಾತು. ಅದಕ್ಕೆ ಅವನು ಕೊಟ್ಟ ಕಾರಣಗಳು ಕೇಳಿ: ಉಗಿಯಂತ್ರ, ತಂತಿ, ಪತ್ರಿಕೆಗಳು, ವಿಜ್ಞಾನ, ಕೊನೆಗೆ ಹೆಂಗಸರು ಬುದ್ಧಿ ಓಡಿಸುವುದು! ಅವನ ಕಾಲದವನೇ ಆದ ಸೈಲಾಸ್ ವೀರ್ ಮಿಚೆಲ್ ಇದಕ್ಕೆ ಚಿಕಿತ್ಸೆ ಕಂಡುಹಿಡಿದ. ಹೆಂಗಸನ್ನು ವಾರಗಟ್ಟಲೆ ಹಾಸಿಗೆಯಲ್ಲಿ ಮಲಗಿಸಿ, ಹಾಲು ಕುಡಿಸಿ, ಓದಬಾರದು ಬರೆಯಬಾರದು ಎಂದು ಕಟ್ಟುಮಾಡುವುದು. 1887ರಲ್ಲಿ ಆ ಚಿಕಿತ್ಸೆಗೆ ಒಳಗಾದ ಶಾರ್ಲಟ್ ಪರ್ಕಿನ್ಸ್ ಗಿಲ್ಮನ್ ಎಂಬಾಕೆ, ಬುದ್ಧಿಯೇ ಕೆಡುವಷ್ಟು ನೊಂದು, 1892ರಲ್ಲಿ ‘ದಿ ಯೆಲ್ಲೋ ವಾಲ್‌ಪೇಪರ್’ ಎಂಬ ಕಥೆ ಪ್ರಕಟಿಸಿದಳು. ಬರೆಯಬಾರದೆಂದವರಿಗೆ ಆಕೆ ಬರೆದೇ ಉತ್ತರ ಕೊಟ್ಟಳು.

ಇದಕ್ಕಿಂತ ಮನಸ್ಸಿಗೆ ಚುಚ್ಚುವ ಸಂಗತಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯದು. 1955ರ ಜುಲೈಯಿಂದ ನವೆಂಬರ್ ತನಕ ಅಲ್ಲಿಯ ಸಿಬ್ಬಂದಿಯಲ್ಲೇ 292 ಮಂದಿ ಕಾಯಿಲೆ ಬಿದ್ದರು. ಬಹುಪಾಲು ನರ್ಸಮ್ಮಗಳು. ಆಸ್ಪತ್ರೆಯನ್ನು ಕೆಲಕಾಲ ಮುಚ್ಚಬೇಕಾಯಿತು. ಮಾರನೆಯ ವರ್ಷ ಈ ರೋಗಕ್ಕೆ ‘ಮಯಾಲ್ಜಿಕ್ ಎನ್ಸೆಫಲೊಮಯಲೈಟಿಸ್’ ಎಂಬ ಬಾಯಿತುಂಬುವ ಹೆಸರು ಸಿಕ್ಕಿತು. ಹದಿನೈದು ವರ್ಷದ ಮೇಲೆ, 1970ರಲ್ಲಿ, ಇಬ್ಬರು ಮನೋವೈದ್ಯರು ಹಳೆಯ ಕಾಗದಪತ್ರ ನೋಡಿ, ಒಬ್ಬ ರೋಗಿಯನ್ನೂ ಮಾತಾಡಿಸದೆ, ಇದು ಸಾಮೂಹಿಕ ಉನ್ಮಾದವೆಂದು ಬರೆದರು. ಅದಕ್ಕೆ ಅವರು ಕೊಟ್ಟ ಆಧಾರಗಳಲ್ಲೊಂದು, ಬಿದ್ದವರಲ್ಲಿ ಹೆಂಗಸರೇ ಹೆಚ್ಚು ಎಂಬುದು. ನಮ್ಮತ್ತೆಯ ಮಾತಿಗೂ ಈ ವಿದ್ವಾಂಸರ ಮಾತಿಗೂ ನನಗೆ ಹೆಚ್ಚು ಅಂತರ ಕಾಣಲಿಲ್ಲ. ನಮ್ಮತ್ತೆಯಾದರೂ ನನ್ನನ್ನು ದಿನಾ ನೋಡಿ ಹೇಳುತ್ತಿದ್ದರು.

1988ರಲ್ಲಿ ಅಮೆರಿಕದ ವೈದ್ಯರು ‘ಕ್ರಾನಿಕ್ ಫಟೀಗ್ ಸಿಂಡ್ರೋಮ್’, ಅಂದರೆ ದೀರ್ಘಕಾಲದ ಬಳಲಿಕೆಯ ರೋಗ ಎಂದು ಹೆಸರಿಟ್ಟರು. ಹೆಸರು ಸರಳವಾಯಿತು, ಅಪಮಾನ ಕಡಿಮೆಯಾಗಲಿಲ್ಲ. ಬಳಲಿಕೆ ಯಾರಿಗಿಲ್ಲ ಎನ್ನುವವರಿಗೆ ಅದೇ ಸಾಕಾಯಿತು. 2015ರಲ್ಲಿ ಅಲ್ಲಿಯ ವೈದ್ಯಕೀಯ ಪರಿಣತರ ಸಮಿತಿಯೊಂದು ಇದು ದೇಹದ ನಿಜವಾದ ರೋಗವೆಂದು ಸ್ಪಷ್ಟವಾಗಿ ಹೇಳಿ, ಲಕ್ಷಣ ಗೊತ್ತುಮಾಡಿತು. ಆರು ತಿಂಗಳಿಗೂ ಮಿಕ್ಕ ಬಳಲಿಕೆ, ತುಸು ಕೆಲಸಕ್ಕೇ ಆಮೇಲೆ ಮೈ ಕುಸಿಯುವುದು, ನಿದ್ದೆಯಿಂದ ಚೇತರಿಕೆ ಸಿಗದಿರುವುದು, ಇವುಗಳೊಡನೆ ಮರೆವು ಅಥವಾ ನಿಂತರೆ ತಲೆಸುತ್ತು. ಓದಿದಾಗ ನನ್ನ ಸೋಮವಾರವನ್ನು ಯಾರೋ ಕಂಡು ಬರೆದಂತಿತ್ತು.

ಮಕ್ಕಳಿಗೆ ನಾವು ಫ್ಲಾರೆನ್ಸ್ ನೈಟಿಂಗೇಲಳನ್ನು ದೀಪ ಹಿಡಿದ ತಾಯಿಯೆಂದು ಹೇಳಿಕೊಡುತ್ತೇವೆ. ಯುದ್ಧಭೂಮಿಯಿಂದ ಮರಳಿದ ಮೇಲೆ 1857ರಿಂದ ಆಕೆ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದಳೆಂಬುದನ್ನು ಪಾಠ ಹೇಳುವುದಿಲ್ಲ. ಹಸಿಹಾಲಿನಿಂದ ಬರುವ ಬ್ರುಸೆಲ್ಲಾ ಜ್ವರದ ಉಳಿಕೆ ಅದಾಗಿರಬಹುದೆಂದು ಈಗ ಕೆಲವರು ಊಹಿಸುತ್ತಾರೆ. ಒಮ್ಮೆಯೂ ನೋಡದ ಈ ನಮ್ಮ ದೇಶದ ನೈರ್ಮಲ್ಯದ ಕುರಿತು ಆಕೆ ವರದಿ ಬರೆದದ್ದು ಆ ಕೋಣೆಯಿಂದಲೇ. ಮೇ 12 ಆಕೆಯ ಹುಟ್ಟಿದ ದಿನ. ಅದೇ ದಿನವನ್ನು ಜಗತ್ತಿನ ಹಲವು ಕಡೆ ಈ ರೋಗಿಗಳ ದಿನವಾಗಿಯೂ ಆಚರಿಸುತ್ತಾರೆ.

ಇನ್ನು ನಮ್ಮ ಜ್ವರಕ್ಕೆ ಮರಳೋಣ. ನಾನು ಮಲಗಿದ್ದ ಅದೇ 2006ರಲ್ಲಿ ಆಸ್ಟ್ರೇಲಿಯಾದಿಂದ ಒಂದು ಅಧ್ಯಯನ ಹೊರಬಂತು. ಡಬ್ಬೊ ಎಂಬ ಗ್ರಾಮೀಣ ಊರಿನ ಸುತ್ತ ಮೂರು ಬಗೆಯ ಸೋಂಕು ತಗುಲಿದ 253 ಜನರನ್ನು ವೈದ್ಯರು ಮೊದಲಿನಿಂದಲೇ ಗಮನಿಸುತ್ತಾ ಬಂದರು. ಆ ಮೂರರಲ್ಲಿ ರಾಸ್ ರಿವರ್ ಜ್ವರವೂ ಒಂದು. ಸೊಳ್ಳೆಯಿಂದಲೇ ಬರುವ, ಕೀಲು ಹಿಡಿಯುವ ಅದು ಚಿಕುನ್‌ಗುನ್ಯಾದ ಬಳಗದ್ದೇ. ಆರು ತಿಂಗಳ ಮೇಲೂ ನೂರಕ್ಕೆ ಸುಮಾರು 12 ಮಂದಿಗೆ ಬಳಲಿಕೆ ಹೋಗಿರಲಿಲ್ಲ. ಯಾರಿಗೆ ಉಳಿಯಿತು ಎಂಬುದನ್ನು ನಿರ್ಧರಿಸಿದ್ದು ಮುಖ್ಯವಾಗಿ ಮೊದಲ ಜ್ವರದ ತೀವ್ರತೆ. ಅವರ ಮನಸ್ಸಿನ ಸ್ವಭಾವವಲ್ಲ, ಗಂಡು ಹೆಣ್ಣೆಂಬುದೂ ಅಲ್ಲ.

ಈ ಲೆಕ್ಕವನ್ನು ನಮ್ಮ ಏಳೂವರೆ ಲಕ್ಷಕ್ಕೆ ಹಚ್ಚಿ ಗುಣಿಸಲು ನಾನು ಹೋಗುವುದಿಲ್ಲ. ಊರು ಬೇರೆ, ಜ್ವರ ಬೇರೆ. ಆದರೆ ಮುಧೋಳದ ಕಬ್ಬಿನ ಹೊಲದಲ್ಲಿ, ರಬಕವಿ ಬನಹಟ್ಟಿಯ ಮಗ್ಗದ ಮನೆಗಳಲ್ಲಿ, ಆ ವರ್ಷದ ನಂತರ ಎಷ್ಟು ಹೆಂಗಸರು ಕಂಡಿಕೆ ಸುತ್ತುತ್ತಾ ಸುತ್ತುತ್ತಾ ಕೈಚೆಲ್ಲಿದರೋ ಎಂದು ಯೋಚಿಸುತ್ತೇನೆ. ನನಗೆ ಸಂಬಳದ ರಜೆಯಿತ್ತು, ದಿನಗೂಲಿಯವಳಿಗೆ ಅದೂ ಇಲ್ಲ. 2005ರಲ್ಲಿ ಪ್ರಕಟವಾದ, ನಮ್ಮ ನೆರೆಯ ಗೋವೆಯ ಸುಮಾರು 2,500 ಹೆಂಗಸರ ಅಧ್ಯಯನವೊಂದರಲ್ಲಿ ನೂರಕ್ಕೆ 12 ಮಂದಿ ಆರು ತಿಂಗಳಿಗೂ ಮಿಕ್ಕ ಬಳಲಿಕೆ ಹೇಳಿಕೊಂಡಿದ್ದರು. ಬಡತನ, ಓದಿಲ್ಲದಿರುವುದು, ಮನಸ್ಸಿನ ನೋವು ಇರುವಲ್ಲಿ ಅದು ಹೆಚ್ಚಾಗಿತ್ತು. ದಣಿವಿನ ಬೇರು ಒಂದೇ ಅಲ್ಲ ಎಂಬುದಕ್ಕೆ ಇದೂ ಸಾಕ್ಷಿ. ಎಲ್ಲ ದಣಿವೂ ಈ ರೋಗವಲ್ಲ. ರಕ್ತಹೀನತೆ, ಥೈರಾಯಿಡ್, ಸಕ್ಕರೆ ಕಾಯಿಲೆ, ಕ್ಷಯ, ಖಿನ್ನತೆ ಇವೂ ಹೀಗೇ ಕಾಡುತ್ತವೆ, ಇವುಗಳಿಗೆ ಔಷಧವೂ ಇದೆ. ಆದ್ದರಿಂದ ಮೊದಲು ತಪಾಸಣೆಯಾಗಲೇಬೇಕು.

ನಾನು ಹೇಗೆ ಎದ್ದೆ? ಯಾವ ಟಾನಿಕ್ಕೂ ಎಬ್ಬಿಸಲಿಲ್ಲ. ತಿಂಗಳ ಸಂಬಳದಲ್ಲಿ ಮನೆ ನಡೆಸುವ ರೀತಿಯನ್ನೇ ಮೈಗೂ ಹಚ್ಚಿದೆ. ಇಂದು ಕೈಯಲ್ಲಿರುವ ಶಕ್ತಿ ಇಷ್ಟು, ಅದರಲ್ಲಿ ನಾಳೆಗೆ ಸ್ವಲ್ಪ ಉಳಿಯಲೇಬೇಕು. ಒಂದೇ ದಿನ ಒಗೆಯುವ ಬಟ್ಟೆ ನಾಲ್ಕು ದಿನಕ್ಕೆ ಹಂಚಿಹೋಯಿತು. ಕುಳಿತು ಪಾಠ ಹೇಳಿದೆ. ಕಾಯಿಪಲ್ಲೆಯನ್ನು ಮಂಚದ ಮೇಲೆ ಕುಳಿತು ಸೋಸಿದೆ. ರೊಟ್ಟಿಯನ್ನು ಓಣಿಯ ಒಬ್ಬ ಅಮ್ಮನಿಂದ ಕೊಂಡು ತಂದೆವು. ಮನೆಯಲ್ಲಿ ಎರಡು ದಿನ ಮುನಿಸಾಯಿತು, ಮೂರನೆಯ ದಿನ ಎಲ್ಲರೂ ಉಂಡರು. ಮೈ ಹಗುರಾದ ದಿನ ಎಲ್ಲ ಕೆಲಸ ಮುಗಿಸಿಬಿಡುವ ಆಸೆಯನ್ನು ತಡೆಯುವುದೇ ಎಲ್ಲಕ್ಕಿಂತ ಕಷ್ಟವಾಗಿತ್ತು. 2008ರ ಶ್ರಾವಣದ ಹೊತ್ತಿಗೆ ಹೆಚ್ಚುಕಡಿಮೆ ಮೊದಲಿನಂತಾದೆ.

ಎಲ್ಲರಿಗೂ ಹೀಗಾಗುವುದಿಲ್ಲ ಎಂಬುದನ್ನು ಮರೆಮಾಚಬಾರದು. ಪೂರ್ಣ ಗುಣವಾಗುವವರು ಕಡಿಮೆ, ಸುಧಾರಿಸಿಕೊಳ್ಳುವವರು ಹಲವರು, ವರ್ಷಗಟ್ಟಲೆ ಹಾಸಿಗೆಯಲ್ಲೇ ಇರುವವರೂ ಉಂಟು. ಇದನ್ನು ಗುಣಪಡಿಸುವ ಔಷಧ ಇನ್ನೂ ಸಿಕ್ಕಿಲ್ಲ. 2011ರಲ್ಲಿ ಬ್ರಿಟನ್ನಿನ ದೊಡ್ಡ ಪ್ರಯೋಗವೊಂದು ದಿನದಿನಕ್ಕೆ ವ್ಯಾಯಾಮ ಹೆಚ್ಚಿಸುತ್ತಾ ಹೋದರೆ ಒಳ್ಳೆಯದೆಂದಿತು. ರೋಗಿಗಳು ಅದರಿಂದ ನಾವು ಇನ್ನಷ್ಟು ಬಿದ್ದೆವೆಂದು ಹತ್ತು ವರ್ಷ ವಾದಿಸಿದರು. 2021ರಲ್ಲಿ ಅಲ್ಲಿಯ ಸರ್ಕಾರಿ ಮಾರ್ಗಸೂಚಿ ಅಂಥ ವ್ಯಾಯಾಮವನ್ನು ಕೈಬಿಟ್ಟು, ಶಕ್ತಿಯ ಮಿತಿಯೊಳಗೆ ಬದುಕುವುದನ್ನೇ ಹೇಳಿತು.

2020ರ ಕೊರೋನಾದ ನಂತರ ಈ ದಣಿವು ಮತ್ತೆ ಮನೆಮನೆಗೆ ಬಂದಿದೆ. ಪಾಲಕರ ಸಭೆಗೆ ಬರುವ ತಾಯಂದಿರು “ಅಕ್ಕೋರ, ಅವಾಗಿಂದ ಮೈಯಾಗ ತ್ರಾಣನ ಇಲ್ಲರೀ” ಎನ್ನುತ್ತಾರೆ. ನಾನು ಮೊದಲು ಕುರ್ಚಿ ಕೊಡುತ್ತೇನೆ. ಆಮೇಲೆ ಕೇಳುತ್ತೇನೆ, ಕೆಲಸ ಮಾಡಿದ ದಿನ ಬೀಳುತ್ತೀರೋ, ಮಾರನೇ ದಿನವೋ? ಮಾರನೇ ದಿನ ಎಂದು ಹೇಳುವಾಗ ಅವರ ಮುಖದಲ್ಲಿ ಏನೋ ಸಡಿಲವಾಗುತ್ತದೆ. ಈ ಪ್ರಶ್ನೆಯನ್ನು ಅವರಿಗೆ ಅದುವರೆಗೆ ಯಾರೂ ಕೇಳಿರುವುದಿಲ್ಲ. ಅದನ್ನೇ ಡಾಕ್ಟರ ಮುಂದೆ ಹೇಳಿ ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟು ಕಳಿಸುತ್ತೇನೆ.